ಹಸಿರು ಡೇರೆ ಕಂಡ ಬೆಟ್ಟ

ಸೀಡಾಸೀರ್.

ಒಮ್ಮೆ ಜೋರಾಗಿ ಹೇಳಿನೋಡಿ. ಖರ್ಜೂರದ ಮರ, ಒಂಟೆ, ಮರಳು ಕಣ್ಣಮುಂದೆ ಬರುವುದಿಲ್ಲವೆ? ನನಗಂತೂ ಚಿಕ್ಕಂದಿನಿಂದ ಹಾಗೇ ಬರುತ್ತಿತ್ತು. ನನ್ನ ಸೋದರಮಾವ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸರ್ವೀಸು ಮುಗಿಸಿ, ರೆಜಿಮೆಂಟಿನ ಸೆಂಟರ್ ಇರುವ ಬೆಳಗಾವಿಯಲ್ಲೇ ಮನೆ ಕಟ್ಟಿಕೊಂಡವರು. ಅವರ ಪಡಸಾಲೆಯ ಗೋಡೆಯ ಮೇಲೆ, ದೇವರ ಫೋಟೋಗಿಂತ ಒಂದು ಗೇಣು ಕೆಳಗೆ, ಕಟ್ಟು ಹಾಕಿಸಿದ ಒಂದು ಪಟ್ಟಿ ಇದೆ. ರೆಜಿಮೆಂಟು ಗಳಿಸಿದ ಯುದ್ಧಗೌರವಗಳ ಪಟ್ಟಿ. ಮೈಸೂರ್, ಸೀಡಾಸೀರ್, ಸೆರಿಂಗಪಟಮ್, ಬೆನಿ ಬೂ ಅಲಿ, ಹೀಗೆ ಸಾಗುತ್ತದೆ. ಬೆನಿ ಬೂ ಅಲಿ ಇರುವುದು ಒಮಾನಿನಲ್ಲಿ. ಹಾಗಾದರೆ ಸೀಡಾಸೀರ್ ಕೂಡ ಅಲ್ಲೇ ಎಲ್ಲೋ ಕೊಲ್ಲಿಯ ಕಡೆ ಇರಬೇಕು ಅಂದುಕೊಂಡಿದ್ದೆ. ಮಾವನನ್ನು ಕೇಳಿದರೆ ಅವರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಹೋದ ಡಿಸೆಂಬರಿನ ಒಂದು ರಾತ್ರಿ 1799ರ ಮೈಸೂರು ಯುದ್ಧದ ಹಳೆಯ ವರದಿಯೊಂದನ್ನು ಓದುತ್ತಾ ಕೂತಿದ್ದೆ. ಬೊಂಬಾಯಿ ಸೇನೆಯ ಜನರಲ್ ಜೇಮ್ಸ್ ಸ್ಟುವರ್ಟ್ ಬರೆದದ್ದು. ಆ ಕಾಲದ ಇಂಗ್ಲಿಷರು ನಮ್ಮ ಊರುಗಳ ಹೆಸರನ್ನು ಕಿವಿಗೆ ಬಿದ್ದಂತೆ ಗೀಚಿಕೊಂಡವರು. ಪೆರಿಯಾಪಟಮ್ ಅಂತೆ. ಸರಿ, ಪಿರಿಯಾಪಟ್ಟಣ. ಸೀಡಾಪೂರ್ ಅಂತೆ. ಅಂದರೆ ಸಿದ್ದಾಪುರ, ಕೊಡಗಿನದು. ಮುಂದೆ ಅಹ್ಮೂಟೆನಾರ್! ಇದೇನಪ್ಪಾ, ಈಜಿಪ್ಟಿನ ದೊರೆಯೆ? ಬಾಯಲ್ಲಿ ಎರಡು ಸಲ ಹೊರಳಿಸಿದೆ. ಅಮ್ಮೂಟೆನಾಡ್... ಅಮ್ಮತ್ತಿನಾಡು! ಕಾಫಿ ತೋಟದ ನಡುವಿನ ನಮ್ಮ ಅಮ್ಮತ್ತಿ! ಆ ಗುಂಗಿನಲ್ಲೇ ಮುಂದಿನ ಸಾಲಿಗೆ ಬಂದರೆ ಸೀಡಾಸೀರ್. ಈ ಸಲ ಬಾಯಿ ತಾನಾಗಿಯೇ ತಿರುಗಿತು. ಸೀದಾಸೀರ್, ಸಿದ್ದಾಸೀರ್, ಸಿದ್ದೇಸರ...

ಸಿದ್ದೇಶ್ವರ! ಸಿದ್ದೇಶ್ವರ ಬೆಟ್ಟ!

ಕೂತಲ್ಲಿ ಕೂರಲಾರದೆ ಎದ್ದು ಹಜಾರದಲ್ಲಿ ಎರಡು ಸುತ್ತು ಹಾಕಿದೆ. ಮರಳುಗಾಡೂ ಇಲ್ಲ, ಒಂಟೆಯೂ ಇಲ್ಲ. ಪಿರಿಯಾಪಟ್ಟಣದಿಂದ ಏಳು ಮೈಲಿ, ಕೊಡಗಿನ ಗಡಿ. ನಾನು ಹತ್ತಾರು ಸಲ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹಾದುಹೋಗಿರುವ ಸೀಮೆ! 6 ಮಾರ್ಚ್ 1799ರಂದು ಟಿಪ್ಪು ಸುಲ್ತಾನ ಖುದ್ದಾಗಿ ದಂಡು ತಂದು ಹೋರಾಡಿದ ಜಾಗ. ಶ್ರೀರಂಗಪಟ್ಟಣ ಬೀಳಲು ಇನ್ನು ಎರಡೇ ತಿಂಗಳು ಉಳಿದಿದ್ದ ಹೊತ್ತು. ಹೋದರೆ ಅದೇ ತಾರೀಖಿಗೇ ಹೋಗಬೇಕು ಎಂದು ಆ ರಾತ್ರಿಯೇ ತೀರ್ಮಾನಿಸಿದೆ.

ಮಾರ್ಚ್ 6ರ ಬೆಳಿಗ್ಗೆ ಕುಶಾಲನಗರದ ಬಸ್ ಸ್ಟ್ಯಾಂಡ್ ಎದುರು ಇಳಿದಾಗ ಟೂರಿಸ್ಟ್ ಗಾಡಿಗಳ ಸಾಲು ಆಗಲೇ ಶುರುವಾಗಿತ್ತು. ದುಬಾರೆ, ನಿಸರ್ಗಧಾಮ, ಗೋಲ್ಡನ್ ಟೆಂಪಲ್, ಅಬ್ಬಿ ಫಾಲ್ಸ್, ಒಂದೇ ದಿನದಲ್ಲಿ ಅಷ್ಟೂ! ನಾನು ಮಾತಾಡಿಸಿದ ಜೀಪಿನವರು ಅದೇ ಪಟ್ಟಿ ಒಪ್ಪಿಸತೊಡಗಿದರು. "ಅಲ್ಲ ಅಣ್ಣ, ಪಿರಿಯಾಪಟ್ಟಣಕ್ಕೆ ಹೋಗಿ, ಅಲ್ಲಿಂದ ಮಾಲ್ದಾರೆ ಕಾಡಿನ ದಾರಿಯಲ್ಲಿ ಸಿದ್ದಾಪುರ, ಅಮ್ಮತ್ತಿ, ಆಮೇಲೆ ವಾಪಸ್" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲೇನಿದೆ ಸಾರ್? ಆನೆ ಬಿಟ್ರೆ ಏನೂ ಇಲ್ಲ."

"ಯುದ್ಧಭೂಮಿ ಇದೆ."

"ಯಾರ್ದು?"

"ಟಿಪ್ಪು ಸುಲ್ತಾನಂದು."

ಅವರು ಗೇರ್ ಹಾಕಿದರು. ನಾಲ್ಕು ಮಾರು ಹೋಗುವಷ್ಟರಲ್ಲಿ ಅವರದೇ ಕತೆ ಶುರುವಾಯಿತು. ಹೈದರಾಲಿ ಇಲ್ಲಿ ಡೇರೆ ಹಾಕಿದ್ದಾಗ ಮಗ ಹುಟ್ಟಿದ ಸುದ್ದಿ ಬಂತಂತೆ, ಖುಷಿಯಾಗಿ ಕುಶಾಲನಗರ ಅಂತ ಹೆಸರಿಟ್ಟನಂತೆ. ಕತೆ ಸೊಗಸಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಹೈದರನ ದಂಡು ಕೊಡಗಿನ ಕಡೆ ತಲೆ ಹಾಕಿದ್ದು 1760ರ ದಶಕದಲ್ಲಿ. ಬಾಯಿಬಿಟ್ಟು ಹೇಳಲಿಲ್ಲ, ದಿನವಿಡೀ ಜೊತೆಗಿರಬೇಕಾದವರು. ಈ ಊರಿಗೆ ಇನ್ನೊಂದು ಹೆಸರೂ ಇತ್ತು, ಫ್ರೇಜರ್‌ಪೇಟೆ. ಹಳಬರ ಬಾಯಲ್ಲಿ ಈಗಲೂ ಕೇಳಬಹುದು. ಅದೂ ದಂಡಿನ ಹೆಸರೇ. 1834ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ನಾಲ್ಕು ಕಡೆಯಿಂದ ಕೊಡಗಿನೊಳಗೆ ನುಗ್ಗಿತು. ಪೂರ್ವದ ತುಕಡಿ ಇಲ್ಲೇ ಆಸುಪಾಸಿನಲ್ಲಿ ಕಾವೇರಿ ದಾಟಿ ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಹೊಕ್ಕಿತು. ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಗದ್ದುಗೆ ಕಳೆದುಕೊಂಡ. ಆ ತುಕಡಿಯ ಜೊತೆ ಬಂದ ರಾಜಕೀಯ ಪ್ರತಿನಿಧಿ ಕರ್ನಲ್ ಫ್ರೇಜರನ ಹೆಸರು ಊರಿಗೆ ಅಂಟಿಕೊಂಡಿತು. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ಕತೆ ಗೊತ್ತು. ನನಗೆ ಬೇಕಾಗಿದ್ದದ್ದು ಅದಕ್ಕೆ 35 ವರ್ಷ ಹಿಂದಿನದು.

ಕಾವೇರಿ ಸೇತುವೆ ದಾಟಿದೆವು. ದಾಟಿದರೆ ಕೊಪ್ಪ, ಮೈಸೂರು ಜಿಲ್ಲೆ. ಬೈಲಕುಪ್ಪೆಯ ಟಿಬೆಟನ್ನರ ಮೆಕ್ಕೆಜೋಳದ ಹೊಲಗಳು, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಣ್ಣದ ಬಾವುಟಗಳು. ಅಲ್ಲಿಂದ ಪಿರಿಯಾಪಟ್ಟಣ ಎಷ್ಟು ದೂರ! ಇಪ್ಪತ್ತು ಕಿಲೋಮೀಟರೂ ಆಗುವುದಿಲ್ಲ.

ಈ ಪಿರಿಯಾಪಟ್ಟಣ ಇದೆಯಲ್ಲ, ಇದರಷ್ಟು ಏಟು ತಿಂದ ಊರು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಇದು ಚೆಂಗಾಳ್ವರ ರಾಜಧಾನಿ. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ದಂಡು ಬಂದು ಕೋಟೆ ಹಿಡಿದಾಗ ಕೊನೆಯ ಚೆಂಗಾಳ್ವ ದೊರೆ ವೀರರಾಜ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಹೋರಾಡುತ್ತಾ ಸತ್ತ. ಆಮೇಲೆ ಹೈದರ್, ಆಮೇಲೆ ಟಿಪ್ಪು. ಟಿಪ್ಪು ಕೊಡಗಿನ ರಾಜಮನೆತನದವರನ್ನು ತಂದು ಸೆರೆಯಿಟ್ಟದ್ದು ಇದೇ ಕೋಟೆಯಲ್ಲಿ. 1788ರ ಡಿಸೆಂಬರಿನಲ್ಲಿ ಆ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದವನು ದೊಡ್ಡ ವೀರರಾಜೇಂದ್ರ. ಈ ಹೆಸರು ನೆನಪಿರಲಿ. ಹತ್ತು ವರ್ಷ ಮೂರು ತಿಂಗಳ ಬಳಿಕ ಅವನು ಬೆಟ್ಟದ ಮೇಲೆ ಸಿಗುತ್ತಾನೆ.

ಪಿರಿಯಾಪಟ್ಟಣ ಬಿಟ್ಟು ಪಡುವಣಕ್ಕೆ ತಿರುಗಿದೆವು. ಅಂದರೆ ಟಿಪ್ಪುವಿನ ದಂಡು ಹೋದ ದಿಕ್ಕಿಗೇ! ರಸ್ತೆಯ ಎರಡೂ ಕಡೆ ಕೆಂಪು ನೆಲ ಉತ್ತು ಬಿಟ್ಟಿದ್ದಾರೆ. ತಂಬಾಕಿನ ಸೀಮೆ ಇದು. ನಾಟಿಗೆ ಇನ್ನೂ ದಿನ ಇದೆ. ಹೊಲಕ್ಕೊಂದರಂತೆ ನಿಂತಿರುವ ಎತ್ತರದ ಇಟ್ಟಿಗೆಯ ಬ್ಯಾರನ್‌ಗಳು, ಒಲೆ ಆರಿ, ಬಾಗಿಲು ಹಾಕಿಕೊಂಡು, ಪಹರೆ ಮರೆತ ಬುರುಜುಗಳ ಹಾಗೆ ಕಾಣುತ್ತಿದ್ದವು. ದೂರದಲ್ಲಿ ಕಾಡಿನ ಗೆರೆ. ಗೆರೆಯ ಮೇಲೆ ಮಬ್ಬು.

ಆ ಮಬ್ಬು ನೋಡಿದ್ದೇ ಜೀಪು ನಿಲ್ಲಿಸಿ ಎಂದು ಕೂಗಿದೆ. ಯಾಕೆ ಅಂತ ಹೇಳುತ್ತೇನೆ.

1799ರ ಫೆಬ್ರವರಿಯಲ್ಲಿ ಕಂಪನಿ ಎರಡು ಕಡೆಯಿಂದ ಶ್ರೀರಂಗಪಟ್ಟಣದತ್ತ ಹೊರಟಿತ್ತು. ಪೂರ್ವದಿಂದ ಜನರಲ್ ಹ್ಯಾರಿಸನ ದೊಡ್ಡ ಸೇನೆ. ಪಶ್ಚಿಮದಿಂದ ಸ್ಟುವರ್ಟನ ಬೊಂಬಾಯಿ ಸೇನೆ, ಆರು ಸಾವಿರದ ಚಿಲ್ಲರೆ ಮಂದಿ. ಕಣ್ಣೂರಿನಿಂದ ಫೆಬ್ರವರಿ 21ಕ್ಕೆ ಹೊರಟು, ಘಾಟಿ ಹತ್ತಿ ಕೊಡಗಿನೊಳಕ್ಕೆ ಬಂತು. ವೀರರಾಜೇಂದ್ರ ಅಕ್ಕಿ, ಎತ್ತು, ದಾರಿ, ಎಲ್ಲ ಕೊಟ್ಟ. ಆದರೆ ನೂರಾರು ಮೈಲಿ ದೂರದ ಎರಡು ಸೇನೆಗಳು ಮಾತಾಡಿಕೊಳ್ಳುವುದು ಹೇಗೆ? ಮೊದಲೇ ಗೊತ್ತುಮಾಡಿಕೊಂಡ ಸಂಕೇತಗಳಿಂದ. ಆ ಸಂಕೇತಗಳು ಕಣ್ಣಿಗೆ ಬೀಳುವಂಥ ಎತ್ತರ ಗಡಿಯುದ್ದಕ್ಕೂ ಇದ್ದದ್ದು ಒಂದೇ ಒಂದು. ಸಿದ್ದೇಶ್ವರ ಬೆಟ್ಟ! ಅದಕ್ಕೇ ಕರ್ನಲ್ ಮಾಂಟ್ರೆಸರನ ಕೈಕೆಳಗೆ ಮೂರು ದೇಶೀ ಪಟಾಲಮ್ಮುಗಳನ್ನು ಮಾತ್ರ ಬೆಟ್ಟದ ಬಳಿ ಮುಂದೆ ಇಟ್ಟು, ಉಳಿದ ಸೇನೆ ಎಂಟು ಮೈಲಿ ಹಿಂದೆ ಸಿದ್ದಾಪುರದಲ್ಲೂ ಹನ್ನೆರಡು ಮೈಲಿ ಹಿಂದೆ ಅಮ್ಮತ್ತಿಯಲ್ಲೂ ಬೀಡುಬಿಟ್ಟಿತು.

ಮಾರ್ಚ್ 5ರ ಬೆಳಿಗ್ಗೆ ಬೆಟ್ಟದ ಮೇಲಿದ್ದವರಿಗೆ ಪಿರಿಯಾಪಟ್ಟಣದ ಈಚೆಯ ಬಯಲಿನಲ್ಲಿ ಡೇರೆಗಳು ಏಳುವುದು ಕಾಣಿಸಿತು. ಹತ್ತಲ್ಲ, ಇಪ್ಪತ್ತಲ್ಲ, ಮುನ್ನೂರು ನಾನ್ನೂರು! ನಡುವೆ ಒಂದು ದೊಡ್ಡ ಡೇರೆ, ಹಸಿರು ಬಣ್ಣದ್ದು. ಆ ಬಣ್ಣದ ಡೇರೆ ಅಂದರೆ ಸುಲ್ತಾನನೇ ಬಂದಿದ್ದಾನೆಂದು ಅರ್ಥ. ಪೂರ್ವದಲ್ಲಿ ಹ್ಯಾರಿಸನಿಗೆ ಕಾದಿರಬೇಕಾದವನು ಇಲ್ಲಿ, ಪಶ್ಚಿಮದ ಬಾಗಿಲಲ್ಲಿ! ಬೆಟ್ಟದ ಮೇಲಿನಿಂದ ಅದನ್ನು ನೋಡಿದವರಲ್ಲಿ ದೊಡ್ಡ ವೀರರಾಜೇಂದ್ರನೂ ಒಬ್ಬ. ಎದುರಿಗೆ ತಾನು ಸೆರೆಯಿದ್ದ ಕೋಟೆ, ಅದರ ಮಗ್ಗುಲಲ್ಲಿ ಸೆರೆಯಿಟ್ಟವನ ಡೇರೆ. ಆ ಗಳಿಗೆಯಲ್ಲಿ ಆ ಮನುಷ್ಯನ ಮುಖ ಹೇಗಿತ್ತು ಎಂದು ನೋಡಲು ನಾನು ಒಂದು ವರ್ಷದ ಆಯಸ್ಸು ಕೊಡುತ್ತೇನೆ.

ಮಾರನೆಯ ದಿನ, 6ರ ಬೆಳಿಗ್ಗೆ, ಬೊಂಬಾಯಿ ಸೇನೆಯ ಇನ್ನೊಬ್ಬ ಜನರಲ್ ಹಾರ್ಟ್ಲಿ ಬೆಟ್ಟದಿಂದ ನೋಡಿದಾಗ ಇಡೀ ದಂಡು ಕದಲುತ್ತಿತ್ತು. ಎತ್ತ ಹೋಗುತ್ತಿದೆ? ತಿಳಿಯಲಿಲ್ಲ. ಕಾರಣವನ್ನು ಸ್ಟುವರ್ಟನೇ ಬರೆದಿದ್ದಾನೆ: ಕಾಡು ಮತ್ತು ಮಬ್ಬು.

ಈಗ ಹೇಳಿ, ಅದೇ ತಾರೀಖಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದೇ ಮಬ್ಬು ಕಣ್ಣೆದುರು ತೇಲುತ್ತಿದ್ದರೆ ಮೈ ಜುಮ್ಮೆನ್ನದೆ ಇರುತ್ತದೆಯೆ? ಮಾರ್ಚಿನ ಮೊದಲ ಮಳೆ ಬೀಳುವ ಮುಂಚಿನ ಮಬ್ಬು ಅದು. ದೂಳು, ಕಾಡುಬೆಂಕಿಯ ಹೊಗೆ, ರಾತ್ರಿಯ ತೇವ ಎಲ್ಲ ಬೆರೆತದ್ದು. ಪ್ರತಿ ವರ್ಷ ಬರುತ್ತದೆ, ಏನೂ ವಿಶೇಷವಿಲ್ಲ. ಆದರೂ!

"ಫೋಟೋ ತೆಗೀತೀರಾ ಸಾರ್? ಏನೂ ಕಾಣ್ತಿಲ್ವಲ್ಲ" ಎಂದರು ಜೀಪಿನವರು.

"ಅದೇ ಬೇಕಾಗಿರೋದು" ಎಂದೆ.

ಕಾಡಿನೊಳಗೆ ರಸ್ತೆ ಬಿಟ್ಟು ಇಳಿಯುವಂತಿಲ್ಲ. ಇಳಿಯುವ ಧೈರ್ಯವೂ ಇರಲಿಲ್ಲ. ಟಾರಿನ ಮೇಲೆ ಹಬೆಯಾಡುತ್ತಿದ್ದ ಲದ್ದಿ ಬಿದ್ದಿತ್ತು. ಎಲೆ ಉದುರಿದ ತೇಗ, ಅಲ್ಲಲ್ಲಿ ಮುತ್ತುಗ ಕೆಂಡದಂತೆ ಹೂ ಬಿಟ್ಟು ನಿಂತಿದೆ. ಅದರ ಬುಡಕ್ಕೆ ಲಂಟಾನ. ಒಂದು ತಿರುವಿನಲ್ಲಿ ಜೀಪಿನ ಇಂಜಿನ್ ಆರಿಸಲು ಹೇಳಿದೆ. ಕಿಟಕಿಯಿಂದ ಹತ್ತು ಹೆಜ್ಜೆ ಆಚೆ ದೃಷ್ಟಿ ಹೋಗಲಿಲ್ಲ. ಪುಸ್ತಕದಲ್ಲಿ ಮೂರು ಸಲ ಓದಿಯೂ ತಲೆಗೆ ಹತ್ತದ್ದು ಆಗ ಹತ್ತಿತು. ಹನ್ನೊಂದು ಹನ್ನೆರಡು ಸಾವಿರ ಮಂದಿ ಒಂದು ಬೆಟ್ಟವನ್ನು ಯಾರಿಗೂ ಕಾಣದಂತೆ ಸುತ್ತುವರಿಯುವುದು ಹೇಗೆ? ಹೀಗೆ! ಈ ಪೊದೆ, ಈ ಬಿದಿರು, ಈ ಹಳ್ಳ ಇದ್ದರೆ ಸಾಕು.

ಒಂಬತ್ತು ಹತ್ತರ ನಡುವೆ ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಏಟಿಗೆ ಗುಂಡು ಹಾರಿತು. ಸಿದ್ದಾಪುರದ ದಾರಿ ಕಟ್ಟಿಹೋಯಿತು. ಮಾಂಟ್ರೆಸರನ ಸಿಪಾಯಿಗಳು, ಹೆಚ್ಚಿನವರು ಕೊಂಕಣ ಕರಾವಳಿಯ ಕಡೆಯಿಂದ ಬಂದವರು, ಕನ್ನಡವೂ ಬಾರದ ಕೊಡವ ತಕ್ಕೂ ಬಾರದ ಒಂದು ಕಾಡಿನಲ್ಲಿ ಐದು ತಾಸಿಗೂ ಮೀರಿ ನಿಂತರು. ಮದ್ದುಗುಂಡು ತಳ ಕಂಡಿತ್ತು. ಎರಡೂವರೆ ಹೊತ್ತಿಗೆ ಸ್ಟುವರ್ಟ್ ಸಿದ್ದಾಪುರದಿಂದ ಗೋರಾ ಪಲ್ಟನ್ನುಗಳನ್ನು ಕರೆದುಕೊಂಡು ಓಡೋಡಿ ಬಂದು ಹಿಂದಿನ ದಂಡನ್ನು ಒಡೆದ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿದಿತ್ತು. ನಿಮಿಷದ ಲೆಕ್ಕ ಸ್ಟುವರ್ಟನದೇ.

ಕಂಪನಿಯ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 143. ಟಿಪ್ಪುವಿನ ಕಡೆ ಒಂದೂವರೆಯಿಂದ ಎರಡು ಸಾವಿರ ಎಂದು ಇಂಗ್ಲಿಷರು ಬರೆದರು. ಗೆದ್ದವರು ಎಣಿಸಿದ ಲೆಕ್ಕ, ಉಪ್ಪು ಹಾಕಿಯೇ ನುಂಗಬೇಕು. ಸತ್ತವರಲ್ಲಿ ಬೆಂಕಿ ನವಾಬ ಎಂದೇ ಹೆಸರಾಗಿದ್ದ ಮಹಮ್ಮದ್ ರಜಾ ಒಬ್ಬ. ಹಸಿರು ಡೇರೆ ಇನ್ನೂ ಐದು ದಿನ ಪಿರಿಯಾಪಟ್ಟಣದ ಬಯಲಲ್ಲೇ ಇತ್ತು. 11ಕ್ಕೆ ಕಿತ್ತರು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಸತ್ತ.

ಕಾಡು ದಾಟಿ ಮಾಲ್ದಾರೆ ಕಡೆ ಬಂದಾಗ ರಸ್ತೆಯಂಚಿನ ಒಂದು ಚಹಾದಂಗಡಿ. ಸೌದೆ ಒಲೆ, ಗಾಜಿನ ಲೋಟ. ಅಂಗಡಿಯ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಇಲ್ಲೆಲ್ಲೋ ಹಿಂದೆ ದೊಡ್ಡ ಯುದ್ಧ ಆಗಿತ್ತಂತೆ, ನೀವು ಕೇಳಿದ್ದೀರಾ?"

ಅಜ್ಜಿ ಸೌಟು ಕೆಳಗಿಟ್ಟರು. "ಹಿಂದೆ ಯಾಕೆ ಮಗ, ನಿನ್ನೆ ರಾತ್ರಿನೂ ಆಯ್ತು. ಏಳು ಆನೆ. ಆ ಬಾಳೆ ನೋಡು." ಅಂಗಡಿಯ ಹಿಂದೆ ಬಾಳೆಗಿಡಗಳು ಸಾಲಾಗಿ ಮಲಗಿದ್ದವು. ಸಿಪ್ಪೆ ಸೀಳಿ ದಿಂಡನ್ನಷ್ಟೇ ತಿಂದಿದ್ದವು, ಅದೇನು ನಾಜೂಕು! ಯುದ್ಧದ ಬಗ್ಗೆ ಇನ್ನೇನೂ ಕೇಳದೆ ಎರಡನೇ ಲೋಟ ಚಹಾ ಕುಡಿದೆ.

ಮುಂದೆ ಕಾಡಿನ ಅಂಚಿಗೆ ಉದ್ದಕ್ಕೂ ಆಳದ ಕಂದಕ ಕಾಣಿಸಿತು. "ಕಡಂಗ!" ಎಂದು ಮತ್ತೆ ಕೂಗಿದೆ. ಯಾಕೆಂದರೆ ಕೊಡಗಿಗೆ ಬರುವ ಮುಂಚೆ ನಾನು ನಿದ್ದೆಗೆಟ್ಟು ಓದಿದ್ದ ಇನ್ನೊಂದು ವಿಷಯ ಅದು. ಕಡಂಗ ಅಂದರೆ ಕೊಡಗಿನ ಯುದ್ಧದ ಕಂದಕ. ಮಣ್ಣು ತೋಡಿ ಒಂದು ಕಡೆ ಏರಿ, ಇನ್ನೊಂದು ಕಡೆ ಹಳ್ಳ. 19ನೇ ಶತಮಾನದ ಗೆಜೆಟಿಯರು ಕೊಡುವ ಅಳತೆ ನೋಡಿ: ಏರಿಯ ಎತ್ತರ 15ರಿಂದ 25 ಅಡಿ, ಹಳ್ಳದ ಆಳ 10 ಅಡಿ, ಇವೆಲ್ಲವನ್ನೂ ಒಂದರ ಬಾಲಕ್ಕೊಂದು ಜೋಡಿಸಿದರೆ 500ರಿಂದ 600 ಮೈಲಿ! ಈ ಅಂಗೈಯಗಲದ ನಾಡಿನೊಳಗೆ! ಒಂಬತ್ತು ಹತ್ತನೇ ಶತಮಾನದ ಶಾಸನಗಳಲ್ಲೇ ಇವುಗಳ ಹೆಸರಿದೆ. ಕಡಂಗ ಎಂಬ ಹೆಸರಿನ ಊರೇ ವಿರಾಜಪೇಟೆ ಕಡೆ ಇದೆ. ಕಲ್ಲಿನ ಕೋಟೆಗೆ ಟಿಕೆಟ್ ಇಟ್ಟು ತೋರಿಸುತ್ತೇವೆ. ಇಡೀ ನಾಡನ್ನೇ ಮಣ್ಣಲ್ಲಿ ಕೋಟೆ ಮಾಡಿದ್ದನ್ನು ತೋರಿಸಲು ಒಂದು ಬೋರ್ಡೂ ಇಲ್ಲ.

"ಅದು ಫಾರೆಸ್ಟ್‌ನೋರು ಹೊಡೆಸಿದ್ದು ಸಾರ್, ಆನೆ ಕಂದಕ. ಜೆಸಿಬಿ ಹಲ್ಲಿನ ಗುರ್ತು ನೋಡಿ" ಎಂದು ನಕ್ಕರು ಜೀಪಿನವರು. ನನ್ನ ಮುಖ ಸಣ್ಣಗಾದದ್ದು ಕಂಡಿರಬೇಕು. "ನಿಮಗೆ ಹಳೇದು ಬೇಕಾದ್ರೆ ನಮ್ಮ ಭಾವ ಕೆಲ್ಸ ಮಾಡೋ ತೋಟದಲ್ಲಿದೆ, ಬನ್ನಿ."

ಸಿದ್ದಾಪುರಕ್ಕೆ ಮುಂಚೆ ಒಳದಾರಿಯಲ್ಲಿ ಇಳಿದೆವು. ಭಾವ ಬಂದು ಗೇಟು ತೆಗೆದರು. ಸ್ಪ್ರಿಂಕ್ಲರ್ ಹೊಡೆದು ವಾರವಾಗಿತ್ತು. ರೊಬಸ್ಟಾ ಹೂ ಬಿಟ್ಟು ತೋಟವೆಲ್ಲ ಬಿಳಿ, ಮಲ್ಲಿಗೆಯ ತಂಗಿಯಂಥ ಆ ವಾಸನೆ ಗಂಟಲವರೆಗೂ ಇಳಿಯುತ್ತಿತ್ತು. ಗಿಡಗಳ ಸಾಲಿನ ನಡುವೆ ನೆಲ ಇದ್ದಕ್ಕಿದ್ದಂತೆ ಕುಸಿದು, ಆಚೆ ಒಂದು ಏರಿ ಎದ್ದಿತ್ತು. ಮೊದಲ ನೋಟಕ್ಕೆ ಹಳ್ಳವೆಂದೇ ಅನಿಸುತ್ತದೆ. ಆದರೆ ಹಳ್ಳ ನೀರು ಹೋದ ಹಾಗೆ ಹರಿಯುತ್ತದೆ. ಇದು ಇಳಿಜಾರನ್ನು ಲೆಕ್ಕಿಸದೆ ಅಡ್ಡಕ್ಕೆ ಸಾಗಿ, ದಿಣ್ಣೆ ಹತ್ತಿ, ಆಚೆ ಇಳಿದಿತ್ತು. ಮನುಷ್ಯನ ಕೈ!

ಒಳಗೆ ಇಳಿದೆ. ಮೊಣಕಾಲವರೆಗೆ ತರಗೆಲೆ. ಗೋಡೆಗೆ ಕೈ ಇಟ್ಟರೆ ತಣ್ಣಗೆ, ಹಾವಸೆ ಬೆರಳಿಗೆ ಅಂಟಿತು. ಏರಿಯ ಮೇಲೆ ಬೆಳೆದ ಹಾಲವಾಣದ ಬೇರು ಮಣ್ಣನ್ನು ಐದು ಬೆರಳಿನಲ್ಲಿ ಹಿಡಿದ ಹಾಗೆ ಕೆಳಗೆ ಇಳಿದಿತ್ತು, ಅದಕ್ಕೆ ಮೆಣಸಿನ ಬಳ್ಳಿ ಸುತ್ತಿತ್ತು. ಬೇರಿನ ಸಂದಿಯಲ್ಲಿ ಒಂದು ಮುಳ್ಳುಹಂದಿಯ ಮುಳ್ಳು, ಕಪ್ಪು ಬಿಳಿ ಪಟ್ಟೆಯದು. ನಿಂತರೆ ನನ್ನ ತಲೆ ನೆಲಮಟ್ಟಕ್ಕಿಂತ ಒಂದು ಮೊಳ ಕೆಳಗೆ. ಇಲ್ಲಿ ಕೋವಿ ಹಿಡಿದು ಕೂತವನಿಗೆ ಮೇಲಿಂದ ಬರುವವರ ಕಾಲು ಮೊದಲು ಕಾಣುತ್ತದೆ.

"ಇದನ್ನ ಮುಚ್ಚಿಸಿ ನೂರು ಗಿಡ ಹಾಕಬಹುದಿತ್ತು" ಎಂದರು ಭಾವ, ಮೇಲಿನಿಂದ. "ಸಾಹುಕಾರರ ಅಜ್ಜ ಮುಟ್ಟಬಾರದು ಅಂದಿದ್ರಂತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಮುಟ್ಟಿಲ್ಲ."

ಸಿದ್ದಾಪುರದಲ್ಲಿ ಊಟ ಮುಗಿಸಿ ಅಮ್ಮತ್ತಿಗೆ ಹೋಗುವಾಗ ಮೀಟರ್ ಮೇಲೆ ಕಣ್ಣಿಟ್ಟೆ. ಸ್ಟುವರ್ಟನ ಲೆಕ್ಕದಲ್ಲಿ ಬೆಟ್ಟದಿಂದ ಸಿದ್ದಾಪುರ ಎಂಟು ಮೈಲಿ, ಅಮ್ಮತ್ತಿನಾಡು ಹನ್ನೆರಡು. ನಡುವಿನ ಅಂತರ ನಾಲ್ಕು. ಮೀಟರಿನಲ್ಲಿ ಬಂದದ್ದು ಏಳೆಂಟು ಕಿಲೋಮೀಟರ್. ರಸ್ತೆಯ ತಿರುವು ಮುರುವು ಕಳೆದರೆ ಸರಿಹೋಯಿತು! ಅಹ್ಮೂಟೆನಾರ್ ಸಿಕ್ಕೇಬಿಟ್ಟಿತು! ಬಸ್ ನಿಲ್ದಾಣದ ಎದುರು ನಿಂತು ಒಬ್ಬನೇ ನಕ್ಕೆ. ಕಾಫಿ ಮೂಟೆ ಇಳಿಸುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಟಿಪ್ಪುವಿನ ಹೆಸರು ಎತ್ತಿದರೆ ಕೊಡಗಿನಲ್ಲಿ ಮಾತು ಬೇರೆ ದಾರಿ ಹಿಡಿಯುತ್ತದೆ. ಟಿಪ್ಪುವಿನ ದಂಡು ಕೊಡವರನ್ನು ಕೊಂದಿತೆಂದು ಕೊಡವರು ನೆನೆಯುವ ದೇವಟ್ಟಿಪರಂಬಿನ ಗಾಯ ಇಲ್ಲಿ ಇನ್ನೂ ಹಸಿ. ಆದರೆ ಸಿದ್ದೇಶ್ವರದ ಕಾಳಗ ಆ ಜಗಳದಲ್ಲೂ ಬರುವುದಿಲ್ಲ. ಕೊಡಗಿನ ದೊರೆ ಗೆದ್ದ ಕಡೆ ನಿಂತಿದ್ದ, ತನ್ನ ಹಳೆಯ ಸೆರೆಮನೆಯನ್ನು ಎತ್ತರದಿಂದ ನೋಡಿದ್ದ. ಇಷ್ಟು ದೊಡ್ಡ ಕತೆಗೆ ಜಾಗ ಸಿಗಲಿಲ್ಲವಲ್ಲ ಎಂಬುದೇ ನನಗೆ ಸೋಜಿಗ.

ನೆಲ್ಯಹುದಿಕೇರಿ, ವಾಲ್ನೂರು ಹಾದು ಕಾವೇರಿಯ ಪಕ್ಕದಲ್ಲೇ ವಾಪಸ್ ಬಂದೆವು. ದುಬಾರೆಯಲ್ಲಿ ಬಸ್ಸುಗಟ್ಟಲೆ ಜನ. ಆಚೆ ದಡದಲ್ಲಿ ಶಿಬಿರದ ಒಂದು ಆನೆ ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಅದನ್ನು ಕಂಡಾಗ ನೆನಪಾಯಿತು. ವೀರರಾಜೇಂದ್ರ ಕಂಪನಿಗೆ ವರ್ಷಕ್ಕೆ 24,000 ರೂಪಾಯಿ ಕಪ್ಪ ಕೊಡುತ್ತಿದ್ದ. ಈ ಯುದ್ಧದ ಬಳಿಕ ಕಂಪನಿ ಆ ಹಣ ಬಿಟ್ಟುಕೊಟ್ಟಿತು. ಬದಲಿಗೆ ಏನು ಕೇಳಿತು ಗೊತ್ತೆ? ವರ್ಷಕ್ಕೆ ಒಂದು ಆನೆ. ಇದನ್ನು ಜೀಪಿನವರಿಗೆ ಹೇಳಿದೆ.

"ಒಂದೇನಾ?" ಎಂದರು ಅವರು. "ಈಗ ಬಂದು ಕೇಳ್ಲಿ ಸಾರ್, ಮಾಲ್ದಾರೆಯಿಂದ ಐವತ್ತು ಕೊಡೋಣ."

ಕುಶಾಲನಗರದಲ್ಲಿ ಇಳಿದು, ಸೇತುವೆಯ ಬಳಿ ನಿಂತು, ಬೆಳಗಾವಿಗೆ ಫೋನು ಮಾಡಿದೆ.

"ಮಾವ, ಸೀಡಾಸೀರ್ ಸಿಕ್ತು."

"ಯಾವ ದೇಶದಾಗ ಐತೋ?"

"ಕೊಡಗಿನ ಬಾರ್ಡರ್, ಮಾವ. ಸಿದ್ದೇಶ್ವರ ಬೆಟ್ಟ. ನಮ್ಮ ಸಿದ್ದೇಶ್ವರ!"

ಆ ಕಡೆ ಸದ್ದಿಲ್ಲ. ಕುರ್ಚಿ ಎಳೆದ ಸದ್ದು, ಚಪ್ಪಲಿಯ ಸದ್ದು. ಪಡಸಾಲೆಗೆ ಹೋಗಿ ಪಟ್ಟಿಯ ಮುಂದೆ ನಿಂತಿರಬೇಕು.

"ಸಿದ್ದೇಶ್ವರ..." ಎಂದು ಮೆಲ್ಲಗೆ ಓದಿಕೊಂಡರು. ಆಮೇಲೆ ಕೇಳಿದರು, "ಬೆಳಗಾವಿಯಿಂದ ಅಲ್ಲಿಗೆ ಬಸ್ ಐತೇನು?"